ಮೊದಲು ಪಹಣಿಯ ಹತ್ತನೇ ಕಲಂ ಓದಿ, ಆಮೇಲೆ ಉಯಿಲು

ಪ್ರಶ್ನೆ (ಉದ್ದದ ಪತ್ರದ ಸಾರಾಂಶ): ನಾನು ಹೊಸನಗರ ತಾಲ್ಲೂಕಿನವನು, ಸರ್ಕಾರಿ ಶಾಲೆಯ ನಿವೃತ್ತ ಶಿಕ್ಷಕ, ವಯಸ್ಸು 72. ತಂದೆ, ಅಣ್ಣ ಮತ್ತು ನನ್ನ ನಡುವೆ 1986ರಲ್ಲಿ ನೋಂದಾಯಿತ ಪಾಲಾಗಿ 2 ಎಕರೆ 20 ಗುಂಟೆ ಅಡಿಕೆ ತೋಟ ನನಗೆ ಬಂತು. ಭೂನ್ಯಾಯ ಮಂಡಳಿಯಿಂದ ಬಂದಿದ್ದ 1 ಎಕರೆ ಗದ್ದೆ ಆ ಪಾಲಿನಲ್ಲಿ ತಂದೆಯವರಿಗೇ ಉಳಿದಿತ್ತು. 1999ರಲ್ಲಿ ಅವರು ತೀರಿಕೊಂಡ ಮೇಲೆ ಅದೂ ನನ್ನ ಖಾತೆಗಾಗಿದೆ. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಇಬ್ಬರು ತಂಗಿಯರಿದ್ದಾರೆ. 1996ರಲ್ಲಿ ನಾನೇ ಕೊಂಡ 30 ಗುಂಟೆ ತೋಟವಿದೆ. ಪಕ್ಕದ 20 ಗುಂಟೆ ಬಗರ್ ಹುಕುಂನಲ್ಲಿ (ಮಂಜೂರಾಗದ ಸರ್ಕಾರಿ ಜಾಗದಲ್ಲಿ) ಸಸಿ ಹಾಕಿ, ಸಕ್ರಮ ಕೋರಿ ಫಾರಂ 57 ಕೊಟ್ಟಿದ್ದೇವೆ. ಶಿವಮೊಗ್ಗದಲ್ಲಿ ಹೆಂಡತಿಯ ಹೆಸರಿನಲ್ಲಿ ಒಂದು ನಿವೇಶನವಿದೆ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ದೊಡ್ಡ ಮಗ ಇಪ್ಪತ್ತು ವರ್ಷದಿಂದ ತೋಟದಲ್ಲೇ ದುಡಿಯುತ್ತಿದ್ದಾನೆ. ಕಿರಿಯವನಿಗೆ 31 ವರ್ಷ, ಹುಟ್ಟಿನಿಂದ ಬುದ್ಧಿಮಾಂದ್ಯ. ಎಲ್ಲವನ್ನೂ ದೊಡ್ಡವನಿಗೆ ಉಯಿಲು ಬರೆದು, ತಮ್ಮನನ್ನು ನೋಡಿಕೊಳ್ಳಬೇಕೆಂದು ಷರತ್ತು ಹಾಕಿದರೆ ಸಾಕೇ? ಸ್ನೇಹಿತರೊಬ್ಬರು ಟ್ರಸ್ಟ್ ಮಾಡಿ ಎನ್ನುತ್ತಾರೆ. ಛಾಪಾ ಕಾಗದ ಎಷ್ಟರದ್ದು ಬೇಕು?

ಉತ್ತರ:

ಮೇಷ್ಟ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅದು ಒಂದೇ ಸಾಲಿನದು. ಉಯಿಲಿಗೆ ಛಾಪಾ ಕಾಗದ ಬೇಡ. ನಿಮ್ಮ ಹಳೆಯ ಪಾಠ ಟಿಪ್ಪಣಿಯ ಪುಸ್ತಕದಲ್ಲಿ ಉಳಿದಿರುವ ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಕನ್ನಡದಲ್ಲೇ ಬರೆಯಬಹುದು. ಉಯಿಲು ಬಿದ್ದುಹೋಗುವುದು ಕಾಗದದಿಂದಲ್ಲ. ನನ್ನದಲ್ಲದ್ದನ್ನು ನನ್ನದೆಂದು ಬರೆದದ್ದರಿಂದ, ಇಲ್ಲವೇ ಸಾಕ್ಷಿ ಹಾಕಿಸಿದ ರೀತಿಯಿಂದ.

ನಿಮ್ಮ ಪತ್ರದಲ್ಲಿ 'ಎಲ್ಲವನ್ನೂ' ಎಂಬ ಪದವಿದೆಯಲ್ಲ, ತೊಡಕಿರುವುದು ಅಲ್ಲಿ. ಪಹಣಿ ತೆಗೆದು ನೋಡಿ. ಒಂಬತ್ತನೇ ಕಲಮಿನಲ್ಲಿ ನಿಮ್ಮ ಹೆಸರಿರುತ್ತದೆ. ಎಲ್ಲರೂ ಓದುವುದು ಅದೊಂದನ್ನೇ. ಹತ್ತನೇ ಕಲಮಿನಲ್ಲಿ ಆ ಹೆಸರು ಅಲ್ಲಿಗೆ ಹೇಗೆ ಬಂತು ಎಂಬುದು ಎರಡು ಪದಗಳಲ್ಲಿ ಇರುತ್ತದೆ: ಪಾಲು, ಪೌತಿ (ಸತ್ತವರಿಂದ ವಾರಸಿನಲ್ಲಿ ಬಂದದ್ದು), ಕ್ರಯ, ಮಂಜೂರು, ಜೊತೆಗೆ ಖಾತೆ ಬದಲಾವಣೆಯ ಒಂದು ಎಂ.ಆರ್. ಸಂಖ್ಯೆ. ಉಯಿಲಿನ ಹಣೆಬರಹ ಆ ಎರಡು ಪದಗಳಲ್ಲಿದೆ. ನಿಮ್ಮ ಮನೆಯಲ್ಲಿ ಈ ನಾಲ್ಕೂ ಬಗೆಯ ಜಮೀನಿದೆ, ಒಂದೊಂದಕ್ಕೂ ಒಂದೊಂದು ನ್ಯಾಯ.

ಮೊದಲು ಪಾಲಿನಿಂದ ಬಂದ ತೋಟ. 1986ರ ಪಾಲುಪಟ್ಟಿ ನೋಂದಾಯಿತ ಎಂದಿದ್ದೀರಿ, ಒಳ್ಳೆಯದಾಯಿತು. 20 ಡಿಸೆಂಬರ್ 2004ಕ್ಕಿಂತ ಮೊದಲು ನೋಂದಾಯಿತವಾಗಿ ಮುಗಿದ ಪಾಲನ್ನು, ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮುಟ್ಟುವುದಿಲ್ಲ. ನಿಮ್ಮ ತಂಗಿಯರು ಆ ತೋಟಕ್ಕೆ ಬರಲಾರರು. ಆದರೆ ಅದು ನಿಮ್ಮ ಕೈಗೆ ಬಂದ ಮಾತ್ರಕ್ಕೆ ನಿಮ್ಮೊಬ್ಬರ ಸ್ವಯಾರ್ಜಿತ ಆಗಲಿಲ್ಲ. ಪಿತ್ರಾರ್ಜಿತ ಸ್ವತ್ತಿನ ಪಾಲಿನಲ್ಲಿ ಬಂದದ್ದು ನಿಮ್ಮ ಮಕ್ಕಳ ಮಟ್ಟಿಗೆ ಪಿತ್ರಾರ್ಜಿತವೇ. ಅವರಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. 9 ಸೆಪ್ಟೆಂಬರ್ 2005ರಿಂದ ಮಗಳಿಗೂ ಮಗನಷ್ಟೇ ಹಕ್ಕು. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಹೇಳಿ ಮುಗಿಸಿದೆ. 'ಮದುವೆಯಲ್ಲಿ ಬಂಗಾರ ಕೊಟ್ಟಿದ್ದೇವೆ, ಓದಿಸಿದ್ದೇವೆ' ಎಂಬ ಮಾತಿಗೆ ಊಟದ ಪಂಕ್ತಿಯಲ್ಲಿ ತಲೆದೂಗುವವರು ಸಿಗುತ್ತಾರೆ, ನ್ಯಾಯಾಲಯದಲ್ಲಿ ಸಿಗುವುದಿಲ್ಲ.

ಲೆಕ್ಕ ಮಾಡೋಣ. 2 ಎಕರೆ 20 ಗುಂಟೆ ಎಂದರೆ 100 ಗುಂಟೆ. ನೀವು, ಮೂವರು ಮಕ್ಕಳು, ಪಾಲು ಮಾಡುವಾಗ ನಿಮ್ಮ ಪತ್ನಿಗೂ ಒಂದು ಭಾಗ, ಅಲ್ಲಿಗೆ ಐದು. ತಲಾ 20 ಗುಂಟೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಸೆಕ್ಷನ್ ನಿಮ್ಮ ಪಾಲಿಗೆ ಉಯಿಲು ಬರೆಯುವ ಅಧಿಕಾರ ಕೊಡುತ್ತದೆ, ಆ ಅಧಿಕಾರ ನಿಂತಿರುವುದು ಈ 20 ಗುಂಟೆಯ ಮೇಲೆ. ನೂರಕ್ಕೂ ಬರೆದರೆ ಉಳಿದ ಎಂಬತ್ತಕ್ಕೆ ಅದು ಬರೀ ಕಾಗದ.

ಇದನ್ನು ಓದಿ ನೀವು ಪೆಚ್ಚಾಗಬೇಡಿ. ಯಾರಿಗೂ ಮೋಸ ಮಾಡದೆ ದೊಡ್ಡ ಮಗನ ದುಡಿಮೆಗೆ ಬೆಲೆ ಕಟ್ಟಲು ಕಾನೂನಿನೊಳಗೇ ಸಾಕಷ್ಟು ಜಾಗವಿದೆ. 1996ರ 30 ಗುಂಟೆ ಇದೆಯಲ್ಲ, ಅದನ್ನು ನೀವು ಸಂಬಳದ ದುಡ್ಡಿನಲ್ಲಿ ಕೊಂಡಿದ್ದರೆ ಪೂರ್ತಿ ನಿಮ್ಮದೇ, ಯಾರಿಗೆ ಬೇಕಾದರೂ ಬರೆಯಬಹುದು. ಆದರೆ 'ಸಂಬಳದ್ದು' ಎನ್ನುವುದನ್ನು ನಾಳೆ ತೋರಿಸಬೇಕಾದೀತು. ಆ ಹೊತ್ತಿಗೆ 100 ಗುಂಟೆ ತೋಟದ ಅಡಿಕೆಯೂ ಮನೆಗೆ ಬರುತ್ತಿತ್ತು. ಅದರ ದುಡ್ಡಿನಲ್ಲೇ ಕೊಂಡದ್ದು, ಹಾಗಾಗಿ ಇದೂ ಕುಟುಂಬದ್ದು ಎಂಬ ವಾದ ಬಂದೇ ಬರುತ್ತದೆ. ಆ ವರ್ಷ ಪಿ.ಎಫ್. ಸಾಲ ತೆಗೆದಿದ್ದರೆ ಅದರ ಆದೇಶ, ಬ್ಯಾಂಕಿನ ಪಾಸ್‌ಬುಕ್, ಏನಿದ್ದರೂ ಕ್ರಯಪತ್ರದ ಜೊತೆ ಒಂದೇ ಕಡತದಲ್ಲಿಡಿ. ಉಯಿಲಿನಲ್ಲೂ ಒಂದು ವಾಕ್ಯ ಬರೆಯಿರಿ: ಇಂಥ ವರ್ಷ, ಇಂಥ ಮೂಲದ ಹಣದಿಂದ ಕೊಂಡದ್ದು ಎಂದು.

ಈಗ ಕೂಡಿಸಿ. ದೊಡ್ಡ ಮಗನಿಗೆ ಅವನದೇ 20, ನೀವು ಬರೆಯುವ ನಿಮ್ಮ 20, ಕ್ರಯದ 30, ಒಟ್ಟು 70. ನಿಮ್ಮ ಪತ್ನಿ ತಮ್ಮ ಪಾಲನ್ನೂ ಅವನಿಗೇ ಎಂದರೆ 90. ತೋಟ ಒಟ್ಟು 130 ಗುಂಟೆ. ಮಗಳ 20, ಕಿರಿಯವನ 20 ಅವರವರ ಹೆಸರಿನಲ್ಲಿ ಇರುತ್ತವೆ. ನಿಮ್ಮ ಮಗಳು ತನ್ನ 20 ಗುಂಟೆಯನ್ನು ದೊಡ್ಡ ಮಗನಿಗೆ ಬಿಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬಹುದು. ಅದಕ್ಕೆ ಬದಲಾಗಿ ಹಣ ಪಡೆಯುವುದೂ ತಪ್ಪಲ್ಲ. ಬಿಡುತ್ತೇನೆ ಎನ್ನಬೇಕಾದವಳು ಮಾತ್ರ ಅವಳು. 'ಅವಳೇನೂ ಕೇಳುವುದಿಲ್ಲ' ಎಂದು ನೀವು ಬರೆದಿದ್ದೀರಿ. ಕೇಳದ ಹೆಣ್ಣುಮಕ್ಕಳ ದಾವೆಗಳನ್ನು ನಾನು ಬೇಕಾದಷ್ಟು ನಡೆಸಿದ್ದೇನೆ. ಅವರಲ್ಲಿ ಹೆಚ್ಚಿನವರು ಸಿಟ್ಟಾದದ್ದು ಗುಂಟೆಗಳಿಗಾಗಿ ಅಲ್ಲ, ಒಂದು ಮಾತು ಕೇಳದೆ ರುಜು ಹಾಕಿಸಿಕೊಂಡರಲ್ಲ ಎಂದು.

ಇನ್ನು ಗದ್ದೆ. ನೀವು ಇದನ್ನು ಒಂದೇ ಸಾಲಿನಲ್ಲಿ ದಾಟಿದ್ದೀರಿ, ನನಗೆ ಹೆಚ್ಚು ಅಪಾಯ ಕಾಣುವುದು ಇಲ್ಲೇ. ಗೇಣಿದಾರರ ಕಾಗೋಡು ಚಳವಳಿ ನಡೆದ ಜಿಲ್ಲೆ ನಮ್ಮದು. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯಲ್ಲಿ ಗೇಣಿದಾರರಿಗೆ ಬಂದ ಜಮೀನು ಊರೂರಿನಲ್ಲಿದೆ, ಮತ್ತು ಅರ್ಜಿ ಹಾಕಿದ ಒಬ್ಬರ ಹೆಸರಿನಲ್ಲೇ ಆದೇಶವಾಗಿದೆ. ನಿಮ್ಮ ಗದ್ದೆ ಪಾಲಿನ ನಂತರ ತಂದೆಯವರ ಪ್ರತ್ಯೇಕ ಸ್ವತ್ತಾಗಿ ಉಳಿಯಿತು, ಅವರು ಉಯಿಲು ಬರೆಯದೆ ಹೋದರು. ಹಾಗಾದಾಗ ಅದು ಅವರ ಎಲ್ಲ ಮಕ್ಕಳಿಗೂ ಸಮವಾಗಿ ಹೋಗುತ್ತದೆ: ಅಣ್ಣ, ನೀವು, ಇಬ್ಬರು ತಂಗಿಯರು. 40 ಗುಂಟೆಯಲ್ಲಿ ನಿಮ್ಮದು 10. ಪೌತಿ ಖಾತೆ ನಿಮ್ಮ ಹೆಸರಿಗೆ ಆದದ್ದು ನಿಜ, ಆಗ ಯಾರೂ ತಕರಾರು ತೆಗೆಯಲಿಲ್ಲ ಎಂಬುದೂ ನಿಜ. ಆದರೆ ಖಾತೆ ಎಂದರೆ ಕಂದಾಯ ಕಟ್ಟುವವರು ಯಾರು ಎಂಬ ಗುರುತು, ಅದರಿಂದ ಒಡೆತನ ಹುಟ್ಟುವುದಿಲ್ಲ. ನೀವು ಇರುವಾಗ ತಂಗಿಯರು ಅಣ್ಣನ ಮುಖ ನೋಡಿ ಸುಮ್ಮನಿರುತ್ತಾರೆ. ನಿಮ್ಮ ಮಗನಿಗೂ ಅವರ ಮಕ್ಕಳಿಗೂ ನಡುವೆ ಆ ದಾಕ್ಷಿಣ್ಯ ಇರುವುದಿಲ್ಲ. ಅಣ್ಣ ಮತ್ತು ಇಬ್ಬರೂ ತಂಗಿಯರಿಂದ ಹಕ್ಕು ಬಿಡುಗಡೆ ಪತ್ರ ಆಗುವವರೆಗೆ ಉಯಿಲಿನಲ್ಲಿ ಆ ಗದ್ದೆಯ ಬಗ್ಗೆ 'ನನಗಿರುವ ಹಕ್ಕು' ಎಂದಷ್ಟೇ ಬರೆಯಿರಿ. ಪತ್ರವಾದರೆ ಇಡೀ ಗದ್ದೆ ನಿಮ್ಮದಾಗುತ್ತದೆ. ಹೀಗೆ ವಾರಸಿನಲ್ಲಿ ಬಂದದ್ದು ತೋಟದ ಹಾಗೆ ಮಕ್ಕಳಿಗೆ ಹುಟ್ಟು ಹಕ್ಕು ಕೊಡುವ ಸ್ವತ್ತಲ್ಲ, ಬೇಕಾದವರಿಗೆ ಬರೆಯಬಹುದು.

ಬಗರ್ ಹುಕುಂನ 20 ಗುಂಟೆ ಮಂಜೂರಾಗಿ ಸಾಗುವಳಿ ಚೀಟಿ ಬರುವವರೆಗೆ ಸರ್ಕಾರದ್ದು. ಅಲ್ಲಿ ಫಸಲು ಬರುತ್ತಿದೆ ಎಂದು ಉಯಿಲಿಗೆ ಸೇರಿಸಿದರೆ ಇಡೀ ದಾಖಲೆಯ ಮೇಲೆ ಅನುಮಾನ ಬರುತ್ತದೆ. ಅರ್ಜಿಯ ಸ್ವೀಕೃತಿ, ಅನಧಿಕೃತ ಸಾಗುವಳಿಗೆ ಟಿ.ಟಿ. ದಂಡ ಕಟ್ಟಿದ ರಸೀದಿ ಇದ್ದರೆ ಅದು, ಎಲ್ಲಿಟ್ಟಿದ್ದೀರಿ ಎಂದು ಮಗನಿಗೆ ಹೇಳಿ, ಸಾಕು. ಸೊಪ್ಪಿನ ಬೆಟ್ಟವೂ ಹಾಗೇ. ತೋಟಕ್ಕೆ ಸೊಪ್ಪು, ದರಗು ತರಲು ಕೊಟ್ಟ ಸವಲತ್ತು ಅದು, ತೋಟದ ಜೊತೆ ಹೋಗುತ್ತದೆ. 'ಬೆಟ್ಟ ಕಿರಿಯವನಿಗೆ, ತೋಟ ಹಿರಿಯವನಿಗೆ' ಎಂದು ಬರೆದ ಉಯಿಲೊಂದನ್ನು ನೋಡಿದ್ದೇನೆ. ಬರೆದವರಿಗೆ ಅದು ನ್ಯಾಯವಾಗಿಯೇ ಕಂಡಿತ್ತು, ಪಾಪ. ಶರಾವತಿ ಮುಳುಗಡೆಯವರ ಪೈಕಿ ಇನ್ನೂ ಹಕ್ಕುಪತ್ರ ಕಾಣದ ಕುಟುಂಬಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಅನುಭವ ಬೇರೆ, ಹಕ್ಕು ಬೇರೆ.

ಶಿವಮೊಗ್ಗದ ನಿವೇಶನ ಪತ್ನಿಯ ಹೆಸರಿನಲ್ಲಿದೆ. ಅದು ಅವರ ಸ್ವತ್ತು, ನಿಮ್ಮ ಉಯಿಲಿನಲ್ಲಿ ಅದಕ್ಕೆ ಜಾಗವಿಲ್ಲ. ಅವರೂ ಒಂದು ಉಯಿಲು ಬರೆಯಲಿ, ಬೇರೆ ಹಾಳೆಯಲ್ಲಿ. ನಮ್ಮಲ್ಲಿ ಹೆಂಗಸರು ಉಯಿಲು ಬರೆಯುವುದು ಅಪರೂಪ. ಏಕೆ ಎಂದು ಕೇಳಿದರೆ 'ನನ್ನ ಹೆಸರಲ್ಲಿ ಏನಿದೆ' ಎನ್ನುತ್ತಾರೆ. ನಿಮ್ಮ ಮನೆಯಲ್ಲಂತೂ ನಿವೇಶನವಿದೆ, ತೋಟದ ಪಾಲಿದೆ, ಬಂಗಾರವೂ ಇದ್ದೀತು.

ಪತ್ನಿಯ ವಿಚಾರ ಬಂದಾಗಲೇ ಇನ್ನೊಂದು ಎಚ್ಚರಿಕೆ. 'ನನ್ನ ಹೆಂಡತಿ ಜೀವಮಾನ ಪರ್ಯಂತ ಅನುಭವಿಸಿಕೊಂಡು ಹೋಗತಕ್ಕದ್ದು, ತದನಂತರ ಮಗನಿಗೆ ಸೇರತಕ್ಕದ್ದು' ಎಂಬ ವಾಕ್ಯವನ್ನು ಪತ್ರಬರಹಗಾರರು ಕಣ್ಣು ಮುಚ್ಚಿ ಬರೆಯುತ್ತಾರೆ. ಇದು ಜೀವನಾಂಶಕ್ಕೆ ಬದಲಾಗಿ ಕೊಟ್ಟದ್ದು, ಆದ್ದರಿಂದ ಆಕೆಗೆ ಪೂರ್ಣ ಹಕ್ಕೇ ಬಂತು ಎಂದು ಒಂದು ಕಡೆ, ಇಲ್ಲ, ಸೀಮಿತ ಹಕ್ಕು ಎಂದು ಇನ್ನೊಂದು ಕಡೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ನಿನ ಎರಡು ಉಪವಿಭಾಗಗಳ ನಡುವೆ ದಶಕಗಳಿಂದ ಜಗ್ಗಾಟ ನಡೆದಿದೆ. ಅವರಿಗೆ ಕೊಡುವುದಿದ್ದರೆ ಪೂರ್ತಿ ಕೊಡಿ. ಇಲ್ಲವೇ ಮನೆಯಲ್ಲಿ ವಾಸಿಸುವ ಹಕ್ಕು, ವರ್ಷಕ್ಕೆ ಇಷ್ಟು ಹಣ ಎಂದು ಬಿಡಿಸಿ ಬರೆಯಿರಿ.

ಈಗ ಕಿರಿಯ ಮಗನ ವಿಷಯ. ನೀವು ಅವನ ಬಗ್ಗೆ ಬರೆದದ್ದು ಎರಡೇ ಸಾಲು. ಹೆಸರಿಟ್ಟು ಕರೆದರೆ ತಿರುಗುತ್ತಾನೆ, ಅಡಿಕೆ ಕೊನೆ (ಗೊನೆ) ಕೊಯ್ಲಿನ ಕಾಲದಲ್ಲಿ ಅಂಗಳದಲ್ಲಿ ಕೂತು ಒಣಹಾಕಿದ ಅಡಿಕೆಯನ್ನು ಕೈಯಲ್ಲಿ ತಿರುವುತ್ತ ಸಂಜೆಯವರೆಗೆ ಇರುತ್ತಾನೆ ಎಂದು. ನೀವು ಕೇಳಿದ್ದು ಷರತ್ತಿನ ಬಗ್ಗೆ. 'ತಮ್ಮನನ್ನು ಚೆನ್ನಾಗಿ ನೋಡಿಕೊಳ್ಳತಕ್ಕದ್ದು' ಎಂದು ಬರೆದಿರಿ ಎನ್ನೋಣ. ನೋಡಿಕೊಳ್ಳಲಿಲ್ಲ ಎಂದು ದೂರು ಕೊಡುವವರು ಯಾರು? ಅಂಗಳದಲ್ಲಿ ಅಡಿಕೆ ತಿರುವುವ ಹುಡುಗ ಕೊಡುತ್ತಾನೆಯೇ? ನಿಮ್ಮ ದೊಡ್ಡ ಮಗ ಒಳ್ಳೆಯವನು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವನೂ ಮನುಷ್ಯ, ಕಾಯಿಲೆ ಬಿದ್ದಾನು. ಎಲೆಚುಕ್ಕಿ ರೋಗ ತೋಟಕ್ಕೆ ಹೊಕ್ಕ ವರ್ಷ ಮನೆಯ ಖರ್ಚಿಗೇ ಕಷ್ಟವಾದೀತು. ಅವನ ನಂತರ ತೋಟ ಅವನ ಮಕ್ಕಳದು. ಅವರಿಗೆ ಚಿಕ್ಕಪ್ಪನ ಮೇಲೆ ಯಾವ ಕರ್ತವ್ಯವನ್ನು ನಿಮ್ಮ ಷರತ್ತು ಹೊರಿಸುತ್ತದೆ?

ಹಾಗಾಗಿ ಸ್ನೇಹಿತರು ಹೇಳಿದ ಟ್ರಸ್ಟ್ ಸರಿ, ಆದರೆ ಅವರು ಹೇಳಿದ ರೀತಿಯಲ್ಲಿ ಅಲ್ಲ. ತೋಟವನ್ನೇ ಟ್ರಸ್ಟಿನ ಹೆಸರಿಗೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಸೊಸೈಟಿಯ ಬೆಳೆ ಸಾಲ, ಬೆಳೆ ವಿಮೆ, ತೋಟಗಾರಿಕೆ ಇಲಾಖೆಯ ಸಹಾಯಧನ ಎಲ್ಲವೂ ಪಹಣಿಯಲ್ಲಿರುವ ರೈತನ ಹೆಸರು ಹಿಡಿದು ನಡೆಯುತ್ತವೆ. ಅಲ್ಲಿ ಟ್ರಸ್ಟಿನ ಹೆಸರು ಕೂತರೆ ಪ್ರತಿ ಮೇಜಿನಲ್ಲೂ ವಿವರಣೆ ಕೊಡುತ್ತ ನಿಮ್ಮ ಮಗನ ಚಪ್ಪಲಿ ಸವೆಯುತ್ತದೆ. ಟ್ರಸ್ಟಿಗೆ ಹಣ ಸೇರಲಿ: ಠೇವಣಿಗಳು, ಅಂಚೆ ಕಚೇರಿಯ ಉಳಿತಾಯ. ಅದನ್ನೂ ಈಗಲೇ ಸೇರಿಸಬೇಕೆಂದಿಲ್ಲ. 'ನನ್ನ ಮರಣಾನಂತರ ಇಂತಿಂಥ ಹಣ ಕಿರಿಯ ಮಗನ ಹಿತಕ್ಕಾಗಿ ಇಂಥವರು ಟ್ರಸ್ಟಿಗಳಾಗಿ ಹಿಡಿದಿರತಕ್ಕದ್ದು' ಎಂದು ಉಯಿಲಿನೊಳಗೇ ಟ್ರಸ್ಟ್ ಹುಟ್ಟಿಸಬಹುದು. 1882ರ ಟ್ರಸ್ಟ್ ಕಾಯ್ದೆಗೆ ಬೇಕಾದದ್ದು ಉದ್ದೇಶ, ಸ್ವತ್ತು, ಫಲಾನುಭವಿ ಮೂರೂ ಅನುಮಾನಕ್ಕೆ ಎಡೆಯಿಲ್ಲದಂತೆ ಇರಬೇಕು ಎಂಬುದು. ತೆರಿಗೆಯಲ್ಲೂ ಇದು ಹಗುರ. ನೀವಿರುವಾಗಲೇ ಮಾಡಿದ ಖಾಸಗಿ ಟ್ರಸ್ಟಿನಲ್ಲಿ ಯಾರಿಗೆ ಎಷ್ಟು ಎಂಬುದು ನಿಗದಿಯಾಗಿರದಿದ್ದರೆ ಆದಾಯಕ್ಕೆ ಸಾಮಾನ್ಯವಾಗಿ ಗರಿಷ್ಠ ದರ ಬೀಳುತ್ತದೆ. ಉಯಿಲಿನಿಂದ ಹುಟ್ಟಿದ, ಬರೆದವರು ಮಾಡಿದ ಏಕೈಕ ಟ್ರಸ್ಟಿಗೆ ಆ ಭಾರವಿಲ್ಲ.

ಟ್ರಸ್ಟಿಯಾಗಿ ದೊಡ್ಡ ಮಗನೊಬ್ಬನನ್ನೇ ಇಡಬೇಡಿ. ತಮ್ಮನಿಗೆ ಖರ್ಚು ಮಾಡದೆ ಉಳಿದದ್ದು ಕೊನೆಗೆ ಅವನಿಗೇ ಬರುವುದಾದರೆ ಎಷ್ಟೇ ಒಳ್ಳೆಯವನನ್ನೂ ಇಕ್ಕಟ್ಟಿಗೆ ತಳ್ಳಿದಂತೆ. ಮಗಳು ಒಬ್ಬಳು, ಕುಟುಂಬದ ಹೊರಗಿನ ನಂಬಿಕಸ್ಥರು ಒಬ್ಬರು, ಮಗನೂ ಇರಲಿ, ಇಬ್ಬರ ರುಜು ಇಲ್ಲದೆ ಹಣ ತೆಗೆಯುವಂತಿಲ್ಲ ಎಂದು ಬರೆಯಿರಿ. ಒಬ್ಬರು ಹೋದರೆ ಮುಂದಿನವರನ್ನು ಯಾರು ಆರಿಸಬೇಕು, ಕಿರಿಯವನ ಕಾಲಾನಂತರ ಉಳಿದದ್ದು ಯಾರಿಗೆ ಎಂಬುದೂ ಇರಲಿ. ತೋಟದ ಕಡೆಯಿಂದಲೂ ಒಂದು ಕಟ್ಟು ಹಾಕಬಹುದು. ದೊಡ್ಡವನಿಗೆ ಬರೆಯುವ ತೋಟದ ಮೇಲೆ, ತಮ್ಮನ ಖರ್ಚಿಗೆ ಪ್ರತಿ ವರ್ಷ ಟ್ರಸ್ಟಿಗೆ ಇಷ್ಟು ಕೊಡಬೇಕೆಂಬ ಋಣಭಾರ. ರೂಪಾಯಿಯಲ್ಲಿ ಬರೆಯಬೇಡಿ, ಹದಿನೈದು ವರ್ಷ ಕಳೆದರೆ ಆ ರೂಪಾಯಿಗೆ ಸೋಪೂ ಬರುವುದಿಲ್ಲ. 'ಎರಡು ಕ್ವಿಂಟಲ್ ರಾಶಿ ಅಡಿಕೆಗೆ ಆ ವರ್ಷ ಶಿವಮೊಗ್ಗ ಮಾರುಕಟ್ಟೆಯಲ್ಲಿ ಇರುವ ಬೆಲೆ' ಎಂದು ಬರೆಯಿರಿ. ಧಾರಣೆ ಏರಿದರೆ ತಮ್ಮನಿಗೂ ಏರಲಿ, ಇಳಿದರೆ ಅಣ್ಣನಿಗೂ ಹೊರೆ ಇಳಿಯಲಿ. ಈ ಉಪಾಯವನ್ನು ನಾನು ಕಂಡುಹಿಡಿದದ್ದಲ್ಲ, ಗೇಣಿಯನ್ನು ಭತ್ತದಲ್ಲಿ ಅಳೆಯುತ್ತಿದ್ದ ನಮ್ಮ ಹಿರಿಯರದು.

ಇದಕ್ಕೂ ಮೊದಲು ಆಗಬೇಕಾದ ಎರಡು ಕೆಲಸಗಳಿವೆ. ಒಂದು, ಪೋಷಕತ್ವ. ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಲೆಕ್ಕದಲ್ಲಿ ನೀವು ಅವನ ಪೋಷಕರಲ್ಲ, ತಂದೆ ಮಾತ್ರ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ ಪೋಷಕರನ್ನು ನೇಮಿಸುವುದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ. ಅಂಗವೈಕಲ್ಯ ಪ್ರಮಾಣಪತ್ರ ಇಟ್ಟುಕೊಂಡು ಅರ್ಜಿ ಹಾಕಿ. ತೋಟದ ಪಾಲುಪಟ್ಟಿ ನೋಂದಾಯಿಸುವಾಗ ಕಿರಿಯವನ ಹೆಬ್ಬೆಟ್ಟು ಒತ್ತಿಸಿದರೆ ಮುಗಿಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಪ್ಪಿಗೆ ಕೊಡುವ ಶಕ್ತಿ ಇಲ್ಲದವನ ಹೆಬ್ಬೆಟ್ಟಿಗೆ ಬೆಲೆಯಿಲ್ಲ, ಇಡೀ ಪಾಲು ಮುಂದೊಮ್ಮೆ ಬಿಚ್ಚಿಕೊಳ್ಳುತ್ತದೆ. ಪೋಷಕರ ಮೂಲಕ ಆಗಬೇಕು. ನೀವೂ ಪಾಲುದಾರರೇ ಆದ್ದರಿಂದ ಹಿತಾಸಕ್ತಿಯ ಪ್ರಶ್ನೆ ಏಳಬಹುದು ಎನಿಸಿದರೆ ಪಾಲಿನ ದಾವೆ ಹಾಕಿ ನ್ಯಾಯಾಲಯದ ಅನುಮತಿಯೊಂದಿಗೆ ರಾಜಿ ಮಾಡಿಕೊಳ್ಳುವುದು ನಿಧಾನವಾದರೂ ಗಟ್ಟಿ ದಾರಿ.

ಎರಡನೆಯದು ಪಿಂಚಣಿ. ಇದನ್ನು ನೀವು ಕೇಳಲೇ ಇಲ್ಲ. ಸರ್ಕಾರಿ ನೌಕರರ ಕುಟುಂಬ ಪಿಂಚಣಿ, ಪತ್ನಿಯ ನಂತರ, ದುಡಿದು ತಿನ್ನಲಾಗದ ಅಂಗವೈಕಲ್ಯವಿರುವ ಮಗನಿಗೆ ವಯಸ್ಸಿನ ಮಿತಿಯಿಲ್ಲದೆ ಸಿಗುತ್ತದೆ. ನಿಮ್ಮ ಪಿಂಚಣಿ ಕಾಗದಗಳ ಕುಟುಂಬ ವಿವರದಲ್ಲಿ ಅವನ ಹೆಸರು, ಅಂಗವೈಕಲ್ಯದ ಉಲ್ಲೇಖ ಇದೆಯೇ ನೋಡಿ. ಇಲ್ಲದಿದ್ದರೆ ನೀವು ಜೀವಂತವಿದ್ದು ರುಜು ಹಾಕುವಾಗಲೇ ಸೇರಿಸಿ. ತಿಂಗಳು ತಿಂಗಳು ಬರುವ ಈ ಹಣದ ಮುಂದೆ ಯಾವ ಟ್ರಸ್ಟೂ ದೊಡ್ಡದಲ್ಲ.

ಜೊತೆಗೆ ಒಂದು ಪತ್ರ ಬರೆದಿಡಿ. ಕಾನೂನಿನ ದಾಖಲೆಯಲ್ಲ, ಟ್ರಸ್ಟಿಗಳಿಗೆ ಕಾಗದ. ಅವನಿಗೆ ಯಾವ ಮಾತ್ರೆ, ಯಾವ ಹೊತ್ತಿಗೆ, ರಾತ್ರಿ ದೀಪ ಆರಿಸಿದರೆ ಹೆದರುತ್ತಾನೆಯೇ, ಯಾರು ಕ್ಷೌರ ಮಾಡಿದರೆ ಸುಮ್ಮನೆ ಕೂರುತ್ತಾನೆ, ಇಂಥವು. ಇದನ್ನು ನಿಮ್ಮ ಪತ್ನಿ ಹೇಳಲಿ, ನೀವು ಬರೆದುಕೊಳ್ಳಿ.

ದಾನಪತ್ರದ ಬಗ್ಗೆ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ, ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ ಎಂಬ ಆಸೆಯನ್ನೂ ತೋರಿಸುತ್ತಾರೆ. ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ನೋಂದಣಿಯಾದ ಸಂಜೆಯಿಂದ ನೀವು ಮಗನ ಮನೆಯಲ್ಲಿರುವವರು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಪೋಷಿಸಬೇಕೆಂಬ ಷರತ್ತಿನೊಂದಿಗೆ ಕೊಟ್ಟ ದಾನವನ್ನು ಪೋಷಿಸದಿದ್ದಾಗ ರದ್ದು ಮಾಡಿಸಬಹುದು, ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಿ. ಆ ಷರತ್ತು ಪತ್ರದಲ್ಲೇ ಇದ್ದರೆ ಕ್ಷೇಮ. ಆದರೆ ಮಗನ ಮೇಲೆ ಅರ್ಜಿ ಹಾಕಲು ಸಾಗರದ ಉಪವಿಭಾಗಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತುವ ಅಪ್ಪಂದಿರು ಎಷ್ಟು ಮಂದಿ? ದಾನ ಕೊಟ್ಟ ಮರುವರ್ಷ, ಫಸಲು ಎಷ್ಟಾಯಿತು ಎಂದು ಮಗನನ್ನು ಕೇಳಲು ಹಿಂಜರಿದು ಅಡಿಕೆ ಕೊಯ್ಯುವ ಕೊನೆಗೌಡನನ್ನು ಬೇಲಿಯ ಹತ್ತಿರ ನಿಲ್ಲಿಸಿ ಮೆಲ್ಲಗೆ ಕೇಳುತ್ತಿದ್ದ ಒಬ್ಬ ಹಿರಿಯರನ್ನು ನಾನು ಬಲ್ಲೆ.

ಇನ್ನು ಸಾಕ್ಷಿ. ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಸೆಕ್ಷನ್ ಕೇಳುವುದು ಸ್ವಲ್ಪವೇ. ನೀವು ರುಜು ಹಾಕಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ನೀವು ರುಜು ಹಾಕಿದ್ದನ್ನು ಕಂಡಿರಬೇಕು ಅಥವಾ 'ಇದು ನನ್ನ ರುಜು' ಎಂದು ನಿಮ್ಮ ಬಾಯಿಂದ ಕೇಳಿರಬೇಕು, ಮತ್ತು ನಿಮ್ಮೆದುರಿಗೇ ಅವರು ರುಜು ಹಾಕಬೇಕು. ಇಷ್ಟರಲ್ಲೇ ಎಡವುತ್ತಾರೆ. ನಾನು ವಕೀಲಿಕೆಗೆ ಬಂದ ಹೊಸದರಲ್ಲಿ ಕಂಡ ಒಂದು ಪಾಟೀಸವಾಲು ಇನ್ನೂ ಕಿವಿಯಲ್ಲಿದೆ. ಉಯಿಲು ಅಪ್ಪಟವಾದದ್ದು, ಊರಿಗೆಲ್ಲ ಗೊತ್ತು. ಸಾಕ್ಷಿದಾರರು ಹಿರಿಯರು, ಸುಳ್ಳಾಡದ ಮನುಷ್ಯ, ಬಿಳಿ ಪಂಚೆಯ ತುದಿ ಹಿಡಿದು ಕಟಕಟೆಯಲ್ಲಿ ನಿಂತಿದ್ದರು. 'ಅವರು ರುಜು ಹಾಕಿದಾಗ ನೀವು ಎದುರಿಗಿದ್ದಿರೋ?' ಎಂದು ಎದುರು ವಕೀಲರು ಕೇಳಿದರು. 'ನಲವತ್ತು ವರ್ಷದ ಸ್ನೇಹ ಸ್ವಾಮಿ, ಅವರ ರುಜು ನನಗೆ ಗೊತ್ತಿಲ್ಲವೇ? ಮಾರನೆಯ ದಿನ ಮಗ ಸೊಸೈಟಿಯ ಜಗಲಿಗೆ ತಂದ, ಅಲ್ಲೇ ಹಾಕಿದೆ' ಎಂದರು. ವಕೀಲರು 'ಇಷ್ಟೇ ಸ್ವಾಮಿ' ಎಂದು ಕುಳಿತುಬಿಟ್ಟರು. ಇನ್ನೊಬ್ಬ ಸಾಕ್ಷಿ ಆ ಹೊತ್ತಿಗೆ ಬದುಕಿರಲಿಲ್ಲ. ಸತ್ಯ ಹೇಳಿದ ಒಂದು ವಾಕ್ಯಕ್ಕೆ ನಿಜವಾದ ಉಯಿಲು ಬಿತ್ತು.

ನಿಮಗಿಂತ ಹತ್ತಿಪ್ಪತ್ತು ವರ್ಷ ಚಿಕ್ಕವರನ್ನು, ಆಸ್ತಿಯಲ್ಲಿ ಬಿಡಿಗಾಸೂ ಬರದವರನ್ನು ಸಾಕ್ಷಿಯಾಗಿ ಕರೆಯಿರಿ. ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಒಂದೇ ಸಲಕ್ಕೆ ಮುಗಿಸಿ. ಬರೆದವರು ಬಿಕ್ಕಲಂ ಎಂದು ಕೆಳಗೆ ರುಜು ಹಾಕುತ್ತಾರೆ, ಅವರನ್ನು ಎರಡು ಸಾಕ್ಷಿಗಳಲ್ಲಿ ಒಬ್ಬರೆಂದು ಲೆಕ್ಕ ಹಿಡಿಯಬೇಡಿ. ದೊಡ್ಡ ಮಗ ಆ ದಿನ ತೋಟದಲ್ಲಿರಲಿ. ಉಯಿಲಿನಿಂದ ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದರೆ ಅನುಮಾನ ಹುಟ್ಟುತ್ತದೆ, ಆ ಅನುಮಾನವನ್ನು ಕಳೆಯುವ ಹೊಣೆ ಅವನ ಮೇಲೇ ಬೀಳುತ್ತದೆ. ಈ ತತ್ವವನ್ನು ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿದ್ದು ನಮ್ಮ ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲೇ, ಇಂದಿಗೂ ದೇಶ ತುಂಬ ಅದನ್ನೇ ಉಲ್ಲೇಖಿಸುತ್ತಾರೆ. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಕೊಡುವಾಗ ಏಕೆ ಎಂದು ನಿಮ್ಮ ಮಾತಿನಲ್ಲಿ ಎರಡು ಸಾಲು ಬರೆಯಿರಿ. ವೈದ್ಯರಿಂದ ಅದೇ ದಿನದ ಪ್ರಮಾಣಪತ್ರ ಪಡೆಯುವುದು ಕಡ್ಡಾಯವಲ್ಲ, 72ರ ವಯಸ್ಸಿಗೆ ಜಾಣತನ.

ನೋಂದಣಿಯೂ ಕಡ್ಡಾಯವಲ್ಲ, ಆದರೂ ಮಾಡಿಸಿ. ಮೂಲ ಪ್ರತಿ ಕಳೆದರೆ ನಕಲು ಸಿಗುತ್ತದೆ, ಮತ್ತು ನೀವು ಬದುಕಿರುವವರೆಗೆ ಆ ನಕಲು ನಿಮಗೆ ಅಥವಾ ನೀವು ಅಧಿಕಾರ ಕೊಟ್ಟವರಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಓಡಾಡಲು ಆಗದವರಿಗೆ ಅಧಿಕಾರಿಯೇ ಮನೆಗೆ ಬರುವ ಅವಕಾಶ ಕಾಯ್ದೆಯಲ್ಲಿದೆ. ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಇರಿಸುವುದೂ ಉಂಟು. ನಮ್ಮ ಜಿಲ್ಲೆಯ ಹಿಂದೂ ಉಯಿಲಿಗೆ ಪ್ರೊಬೇಟ್ (ನ್ಯಾಯಾಲಯದ ದೃಢೀಕರಣ) ಮಾಡಿಸಲೇಬೇಕೆಂಬ ನಿಯಮವಿಲ್ಲ. ಉಯಿಲಿನ ಮೇಲೆ ಖಾತೆ ಬದಲಿಗೆ ಅರ್ಜಿ ಹಾಕಬಹುದು, ತಕರಾರು ಬಂದರೆ ಮಾತ್ರ ಸಿವಿಲ್ ನ್ಯಾಯಾಲಯ. ಇದನ್ನು ಓದುವ ಮುಸ್ಲಿಂ ಓದುಗರಿಗೆ ಒಂದು ಮಾತು: ನಿಮ್ಮಲ್ಲಿ ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದ ಸ್ವತ್ತಿನ ಮೂರನೇ ಒಂದು ಭಾಗದವರೆಗೆ ಮಾತ್ರ ಉಯಿಲು, ವಾರಸುದಾರರಿಗೇ ಬರೆಯುವುದಾದರೆ ಉಳಿದವರ ಒಪ್ಪಿಗೆ ಬೇಕು. ಮೇಲಿನ ಲೆಕ್ಕ ಯಾವುದೂ ನಿಮಗೆ ಹೊಂದುವುದಿಲ್ಲ.

ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ, ಅಡಿಕೆ ಮಾರಾಟ ಸಂಘದ ಷೇರಿನಲ್ಲಿ ನಾಮಿನಿ ಯಾರೆಂದು ಒಮ್ಮೆ ನೋಡಿ. ಮಗನ ಹೆಸರು ಇದ್ದ ಮಾತ್ರಕ್ಕೆ ಠೇವಣಿ ಅವನದಾಗುವುದಿಲ್ಲ. ಹಣ ಎಣಿಸಿಕೊಳ್ಳುವ ಅಧಿಕಾರ ನಾಮಿನಿಯದು, ಹಣ ವಾರಸುದಾರರದು. ಜೀವವಿಮೆಯಲ್ಲಿ ಮಾತ್ರ, 2015ರ ತಿದ್ದುಪಡಿಯ ನಂತರ, ನಾಮಿನಿಯಾದ ಪತ್ನಿ, ಮಕ್ಕಳು, ತಂದೆತಾಯಿಗೆ ಆ ಹಣ ಅವರದೇ ಆಗುತ್ತದೆ.

ಚಕ್ಕುಬಂದಿ ಬರೆಯುವಾಗ ಸರ್ವೆ ನಂಬರ್, ಹಿಸ್ಸೆ, ವಿಸ್ತೀರ್ಣ ಬರೆದು ಮುಗಿಸಬೇಡಿ. ಮಲೆನಾಡಿನ ತೋಟದ ಜೀವ ಅದರಾಚೆ ಇದೆ. ಮೂರು ತುಂಡಾಗುವ ತೋಟಕ್ಕೆ ಕೆರೆಯ ನೀರು ಯಾವ ಕಾಲುವೆಯಲ್ಲಿ ಯಾರಿಗೆ ಯಾವ ದಿನ? ಪಂಪ್‌ಸೆಟ್‌ನ ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ಯಾರ ಹೆಸರಿಗೆ? ಮೇಲಿನ ತುಂಡಿಗೆ ಗೊಬ್ಬರದ ಗಾಡಿ ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಅಡಿ ಅಗಲ? ಅಡಿಕೆ ಬೇಯಿಸುವ ಹಂಡೆ, ಒಲೆ, ಒಣಹಾಕುವ ಅಂಗಳ ಹಂಚಿಕೊಳ್ಳುವುದೋ, ಒಬ್ಬರದೋ? ಅಂಗಳದ ಬಿಸಿಲಿಗಾಗಿ ಹನ್ನೊಂದು ವರ್ಷ ನಡೆದ ದಾವೆಯಲ್ಲಿ ನಾನು ಒಂದು ಕಡೆಯ ವಕೀಲನಾಗಿದ್ದೆ. ಸಾವು ಕೊಯ್ಲಿನ ನಡುವೆ ಬಂದರೆ ಮರದ ಮೇಲಿರುವ ಫಸಲು ಯಾರದು ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿ. ಪಹಣಿಯ ಹನ್ನೊಂದನೇ ಕಲಮಿನಲ್ಲಿ ಸೊಸೈಟಿ ಸಾಲದ ನಮೂದು ಇದ್ದೇ ಇರುತ್ತದೆ. ಅದನ್ನು ಯಾರು ತೀರಿಸಬೇಕೆಂದೂ ಬರೆಯಿರಿ. ಕಡೆಗೆ 'ಇಲ್ಲಿ ಹೆಸರಿಸದ ನನ್ನ ಉಳಿದೆಲ್ಲ ಸ್ವತ್ತು ಇಂಥವರಿಗೆ' ಎಂಬ ವಾಕ್ಯವೂ, 'ಈ ಹಿಂದೆ ಬರೆದ ಉಯಿಲುಗಳು ರದ್ದು' ಎಂಬ ವಾಕ್ಯವೂ ಬೇಕು. ಇಂದಿನ ತಾರೀಕು ಮರೆಯಬೇಡಿ.

ತಂಗಿಯರಿಬ್ಬರೂ ದೀಪಾವಳಿಗೆ ಬರುತ್ತಾರೆ ಎಂದು ಬರೆದಿದ್ದೀರಿ. ಗದ್ದೆಯ ಹಕ್ಕು ಬಿಡುಗಡೆ ಪತ್ರದ ಕರಡನ್ನು ಅವರು ಹೊರಡುವ ವಾರ ಮೊದಲೇ ಮೊಬೈಲಿಗೆ ಕಳಿಸಿ, ಓದಿ ಒಪ್ಪಿದರೆ ಮಾತ್ರ ಆಧಾರ್ ಕಾರ್ಡ್ ತರಲು ಹೇಳಿ. ಹಬ್ಬದ ಮೂರು ದಿನ ನೋಂದಣಿ ಕಚೇರಿಗೆ ರಜೆ ಇರಬಹುದು. ನಾಲ್ಕನೆಯ ದಿನಕ್ಕೆ ಅವರನ್ನು ಉಳಿಸಿಕೊಳ್ಳಿ.